ಮೂರನೇ ಕೌಂಟರ್ ಮೇಲಿನ ಬಿಸ್ಕೆಟ್ ಬಾಕ್ಸ್: ಕಾರವಾರದ ಒಂದು ಅಂಗಡಿಯ ಪ್ರಕರಣ

ಕಾರವಾರದಲ್ಲಿ ಭಾನುವಾರ ಸಂತೆ. ಆ ದಿನ ಪೇಟೆಗೆ ಬಂದವರು ತರಕಾರಿ ತಗೊಂಡು ನೆಟ್ಟಗೆ ಮನೆಗೆ ಹೋಗುವುದಿಲ್ಲ. ಕೈಚೀಲ ಹಿಡಿದುಕೊಂಡೇ ಕಿರಾಣಿ ಅಂಗಡಿಗೂ ನುಗ್ಗುತ್ತಾರೆ. ನಾನು ಹೇಳಹೊರಟ ಅಂಗಡಿಗೂ ವಾರದ ದೊಡ್ಡ ವ್ಯಾಪಾರ ಅಂದೇ. ಅಂಗಡಿ ಯಾವುದು, ಯಾರದು ಎಂಬುದನ್ನು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಮಾಲೀಕರು ಒಪ್ಪಿದ್ದಾರೆ. "ಬರೀರಿ, ಆದ್ರೆ ನನ್ನನ್ನ ತೀರಾ ಜಿಪುಣ ಅಂತ ತೋರಿಸ್ಬೇಡಿ" ಎಂದಿದ್ದಾರೆ. ನೋಡೋಣ.

ನಾನು ತರಬೇತಿ ಕೊಡುವವನಲ್ಲ. ಲೆಕ್ಕ ನೋಡುವವನು. ತಿಂಗಳಿಗೆ ಎರಡು ಸಲ ಹೋಗಿ ಬಿಲ್ಲು, ಖರೀದಿ, ಜಿಎಸ್‌ಟಿ ಇವುಗಳ ತಾಳೆ ಹಾಕಿ ಬರುವುದಷ್ಟೇ ನನ್ನ ಕೆಲಸವಾಗಿತ್ತು. ಸಿಬ್ಬಂದಿಯ ವಿಷಯಕ್ಕೆ ನಾನು ಸಿಕ್ಕಿಹಾಕಿಕೊಂಡದ್ದು ಒಂದು ಪ್ರಶ್ನೆಯಿಂದ. ಅದು ಮುಂದೆ ಬರುತ್ತದೆ.

ಅಂಗಡಿ ಮತ್ತು ಜನ

ಎರಡು ಮಹಡಿ. ಕೆಳಗೆ ಕಿರಾಣಿ, ಸೋಪು-ಪೇಸ್ಟು, ಒಂದು ಮೂಲೆಯಲ್ಲಿ ಪಾತ್ರೆ. ಮೇಲೆ ಬಟ್ಟೆ. ಒಟ್ಟು 16 ಜನ, ಅದರಲ್ಲಿ 11 ಹೆಂಗಸರು. ಐದು ಜನ ಕಾಳಿ ನದಿಯ ಆಚೆಯಿಂದ, ಸದಾಶಿವಗಡ, ಚಿತ್ತಾಕುಲದ ಕಡೆಯಿಂದ ಬರುತ್ತಾರೆ. ಉಳಿದವರು ಕೋಡಿಬಾಗ, ಬಿಣಗಾ, ಬೈತಕೋಲ ಹೀಗೆ. ಮಾಲೀಕರನ್ನು ಎಲ್ಲರೂ ಶೇಟ್ರು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಕಳೆದ ಹಿರಿಯರೊಬ್ಬರಿದ್ದಾರೆ. ಅವರು ಎಲ್ಲರಿಗೂ 'ಮಾಮ'. ಯಾವ ಮಾಲು ಎಲ್ಲಿದೆ, ಗೋದಾಮಿನಲ್ಲಿ ಎಷ್ಟಿದೆ, ಯಾವ ಬೆಲ್ಲ ಮಳೆಗಾಲದಲ್ಲಿ ನೀರು ಬಿಡುತ್ತದೆ, ಎಲ್ಲವೂ ಮಾಮನ ತಲೆಯಲ್ಲಿದೆ. ತಲೆಯಲ್ಲಿ ಮಾತ್ರ ಇದೆ, ಅದೇ ತೊಂದರೆ.

ಗಿರಾಕಿಗಳು ಮೂರು ನಮೂನೆ. ಊರಿನ ಕೊಂಕಣಿ ಮಾತಾಡುವ ಮನೆಗಳು. ನೌಕಾನೆಲೆಯ ಹಿಂದಿ ಮಾತಾಡುವ ಕುಟುಂಬಗಳು. ಕೈಗಾ ಕಡೆಯಿಂದ, ಮಲ್ಲಾಪುರದಿಂದ ತಿಂಗಳ ಸಾಮಾನಿಗೆ ಒಟ್ಟಿಗೆ ಬರುವವರು. ಸಂಬಳದವರ ವ್ಯಾಪಾರ ತಿಂಗಳ ಮೊದಲ ವಾರ. ಮೀನುಗಾರರ ಮನೆಯ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿ ನೀರಿಗಿಳಿಯುವಂತಿಲ್ಲ. ಅದರ ಮೇಲೆ ಕಾರವಾರದ ಮಳೆ. ಆ ಎರಡು ತಿಂಗಳು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಿಂತ ಕೊಡೆಯೇ ಜಾಸ್ತಿ. ಆಗಸ್ಟ್ ಬಂತೆಂದರೆ ಏರಲು ಶುರು. ತುದಿ ಮುಟ್ಟುವುದು ಚೌತಿಗೆ.

ಚೌತಿ ಅಂದರೆ ಇಲ್ಲಿ ಸಾಮಾನ್ಯ ಹಬ್ಬವಲ್ಲ. ಮುಂಬೈ, ಗೋವಾ ಎಲ್ಲಿದ್ದರೂ ಮನೆಗೆ ಬರಲೇಬೇಕು. ಗಣಪತಿಯ ಮೇಲೆ ಫಲಾವಳಿ, ಅಂದರೆ ಹಣ್ಣು-ಕಾಯಿಗಳ ತೂಗು, ಕಟ್ಟಬೇಕು, ಪಟಾಕಿ ಬೇಕು, ಐದಾರು ಬಗೆ ತಿಂಡಿ ಆಗಬೇಕು. ಮೈದಾ, ರವೆ, ಸಕ್ಕರೆ, ಎಣ್ಣೆ, ಒಣಕೊಬ್ಬರಿ ಮೂಟೆಗಟ್ಟಲೆ ಹೋಗುತ್ತದೆ. ಈ ತಿಂಡಿ ಕರಿಯುವ, ಫಲಾವಳಿ ಕಟ್ಟುವ ಮನೆಗಳಲ್ಲಿ ನಮ್ಮ 16 ಜನರ ಮನೆಯೂ ಸೇರಿದೆಯಲ್ವಾ? ಅಂಗಡಿಗೆ ಅವರು ಅತೀ ಬೇಕಾದ ದಿನವೇ ಅವರ ಮನೆಗೂ ಅವರು ಅತೀ ಬೇಕು. ಪ್ರಕರಣದ ಬೇರು ಇಲ್ಲಿದೆ.

2023ರ ಚೌತಿ

ಆ ವರ್ಷ ಏಳು ಜನ ರಜೆ ಕೇಳಿದರು. ಶೇಟ್ರು ಯಾರಿಗೂ ಕೊಡಲಿಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂಬುದು ಅವರ ವಾದ. ಹಬ್ಬದ ಹಿಂದಿನ ದಿನ ಮೂವರು ಹೇಳದೇ ಕೇಳದೇ ಬರಲಿಲ್ಲ. ಅದರಲ್ಲೊಬ್ಬಳು ಬಿಲ್ಲಿಂಗ್ ಮಾಡುವವಳು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ತುಂಬಿದ ಬುಟ್ಟಿಯನ್ನು ಅಲ್ಲೇ ಇಟ್ಟು ಎಷ್ಟೋ ಜನ ಹೊರಟುಹೋದರು. ರಾತ್ರಿ ಆ ಬುಟ್ಟಿಗಳ ಮಾಲನ್ನು ಮತ್ತೆ ರ್‍ಯಾಕಿಗೆ ಜೋಡಿಸಲು ಒಂದು ಗಂಟೆ ಹಿಡಿಯಿತಂತೆ. ಹಬ್ಬದ ನಂತರ ಬಾರದವರ ಸಂಬಳ ಕಡಿತವಾಯಿತು. ದೀಪಾವಳಿಯೊಳಗೆ ಮೂವರೂ ಕೆಲಸ ಬಿಟ್ಟರು.

ಶೇಟ್ರ ತೀರ್ಮಾನ ಒಂದೇ: "ಜನ ಸಿಗೋದಿಲ್ಲ. ಸಿಕ್ಕಿದವರು ನಿಲ್ಲೋದಿಲ್ಲ."

ಹಾಗಂತ ಅವರು ಕೈಕಟ್ಟಿ ಕೂತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಹಬ್ಬಕ್ಕೆಂದು ನಾಲ್ಕು ಹುಡುಗರನ್ನು ದಿನಗೂಲಿ ಮೇಲೆ ತಂದಿದ್ದರು. ಹುಡುಗರಿಗೆ ಒಂದು ಸಾಮಾನೂ ಎಲ್ಲಿದೆ ಗೊತ್ತಿಲ್ಲ. ಪ್ರತಿ ಸಲ "ಮಾಮ, ಕರ್ಪೂರ ಎಲ್ಲಿ? ಮಾಮ, ಎರಡು ಕಿಲೋ ಮೈದಾ ಇಲ್ವಾ?" ಹೀಗಾಗಿ ಮಾಮನ ಕೆಲಸ ನಿಂತಿತು. ನಾಲ್ಕು ಕೈ ಸೇರಿಸಿ ಎರಡು ಕೈ ಕಳೆದುಕೊಂಡ ಲೆಕ್ಕ. ಇನ್ನೊಮ್ಮೆ ಹೊರಗಿನಿಂದ ಒಬ್ಬರನ್ನು ಕರೆಸಿ ಹೋಟೆಲಿನ ಹಾಲ್‌ನಲ್ಲಿ ಒಂದು ದಿನದ ತರಬೇತಿ ಕೊಡಿಸಿದ್ದರು. ಗಿರಾಕಿಯನ್ನು ಕಂಡ ಕೂಡಲೇ ನಗಬೇಕು, ಕಣ್ಣಲ್ಲಿ ಕಣ್ಣಿಟ್ಟು ನಮಸ್ಕಾರ ಮಾಡಬೇಕು ಎಂದು ಹೇಳಿಕೊಟ್ಟರಂತೆ. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಊಟ ಚೆನ್ನಾಗಿತ್ತು ಎಂಬುದನ್ನು ಬಿಟ್ಟರೆ ಯಾರಿಗೂ ಏನೂ ನೆನಪಿರಲಿಲ್ಲ. ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತವನಿಗೆ ನಗು ತೋರಿಸಿದರೆ ಸಿಟ್ಟು ಇನ್ನೂ ಏರುತ್ತದೆ ಅಷ್ಟೇ.

ಒಂದು ಪ್ರಶ್ನೆ

2024ರ ಜನವರಿಯಲ್ಲಿ ಶೇಟ್ರು ನನ್ನನ್ನು ಕೇಳಿದರು: "ಇನ್ನೂ ನಾಲ್ಕು ಜನರನ್ನ ಕಾಯಂ ತಗೊಂಡರೆ ಖರ್ಚು ಎಷ್ಟಾಗುತ್ತೆ, ಲೆಕ್ಕ ಹಾಕಿ ಕೊಡಿ."

ಲೆಕ್ಕ ಹಾಕಲು ಕೂತವನಿಗೆ ಅನುಮಾನ ಬಂತು. ನಾನು ಹೋಗುವುದು ಮಧ್ಯಾಹ್ನ ಮೂರರ ಸುಮಾರಿಗೆ. ಆಗ ಅಲ್ಲಿ ಜನ ಸಾಲದು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬಿಲ್ಲಿಗೂ ಸಮಯ ಇರುತ್ತದೆ. ನಾವೆಲ್ಲ ನೋಡುವುದು ಮೊತ್ತ ಮಾತ್ರ. ಸುಮ್ನೆ ಒಂದು ತಿಂಗಳ ಬಿಲ್ಲುಗಳನ್ನು ಗಂಟೆವಾರು ಎಣಿಸಿದೆ.

ಭಾನುವಾರ ಹತ್ತೂವರೆಯಿಂದ ಒಂದೂವರೆ ತನಕ ಗಂಟೆಗೆ 55ರಿಂದ 60 ಬಿಲ್ಲು. ವಾರದ ದಿನ ಎರಡರಿಂದ ನಾಲ್ಕೂವರೆ ತನಕ ಗಂಟೆಗೆ ಏಳೆಂಟು. ಎರಡೂ ಹೊತ್ತಿನಲ್ಲಿ ಅಂಗಡಿಯಲ್ಲಿದ್ದವರು ಅದೇ ಹದಿನೈದು ಹದಿನಾರು ಜನ. ಎಲ್ಲರೂ ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಎಂಟೂವರೆಗೆ ಹೋಗುವವರು.

ಮುಂದಿನ ಭಾನುವಾರ ನಾನೇ ಹೋಗಿ ಕೌಂಟರ್ ಪಕ್ಕ ನಿಂತೆ. ಒಂದು ಬಿಲ್ಲಿಗೆ ಸರಾಸರಿ ಮೂರು ನಿಮಿಷ. ಅಂದರೆ ಒಂದು ಕೌಂಟರಿನಿಂದ ಗಂಟೆಗೆ 20 ಬಿಲ್ಲು, ಎರಡರಿಂದ 40. ಬರುವುದು 60. ಗಂಟೆ ಕಳೆದಂತೆ 20 ಜನ ಸಾಲಿಗೆ ಸೇರುತ್ತಲೇ ಹೋಗುತ್ತಾರೆ. ಇದಕ್ಕೆ ದೊಡ್ಡ ಓದು ಬೇಡ, ಮಗ್ಗಿ ಬಂದರೆ ಸಾಕು. ಮೂರನೇ ಕೌಂಟರ್ ಬೇಕು. ತಮಾಷೆ ಏನೆಂದರೆ ಅದು ಇತ್ತು. ಕಂಪ್ಯೂಟರ್, ತೂಕದ ಯಂತ್ರ ಎಲ್ಲ ಸಮೇತ. ಅದರ ಮೇಲೆ ಬಿಸ್ಕೆಟ್ ಬಾಕ್ಸ್ ಪೇರಿಸಿಟ್ಟಿದ್ದರು. ಯಾಕೆ ಎಂದರೆ, 16 ಜನರಲ್ಲಿ ಬಿಲ್ಲಿಂಗ್ ಬರುತ್ತಿದ್ದದ್ದು ಇಬ್ಬರಿಗೆ.

ಜನ ಕಡಿಮೆ ಇರಲಿಲ್ಲ. ಕೆಲಸ ಬಲ್ಲವರು ಕಡಿಮೆ ಇದ್ದರು. ಇರುವವರೂ ಬೇಕಾದ ಹೊತ್ತಿಗೆ ದಣಿದಿರುತ್ತಿದ್ದರು. ನಾಲ್ಕು ಜನರ ಸಂಬಳದ ಲೆಕ್ಕದ ಬದಲು ಈ ಎಣಿಕೆಯ ಹಾಳೆ ಕೊಟ್ಟೆ. ಶೇಟ್ರು ಬಹಳ ಹೊತ್ತು ನೋಡಿದರು. "ಅಂದ್ರೆ ಮಧ್ಯಾಹ್ನ ನಾನು ಸುಮ್ನೆ ಸಂಬಳ ಕೊಡ್ತಿದ್ದೀನಾ?" ಎಂದರು. ಅವರು ಅದನ್ನು ಓದಿದ್ದೇ ಹಾಗೆ!

ಇನ್ನೊಂದು ಮಾತನ್ನೂ ಅಂದೇ ಹೇಳಬೇಕಾಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ವಿರಾಮ. ವಾರಕ್ಕೊಂದು ಇಡೀ ದಿನ ರಜೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಗಂಟೆಗಳಿಗೆ ದುಪ್ಪಟ್ಟು ಕೂಲಿ. ಇಲ್ಲಿ ಹನ್ನೊಂದೂವರೆ ಗಂಟೆ ನಡೆಯುತ್ತಿತ್ತು, ಊಟದ ಗಂಟೆ ಹೆಚ್ಚಿನ ದಿನ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. "ಎಲ್ಲಾ ಅಂಗಡಿಯಲ್ಲೂ ಹೀಗೇ ಅಲ್ವಾ" ಎಂದರು. ಹೌದು, ಎಷ್ಟೋ ಕಡೆ ಹೀಗೇ. ಅದು ಉತ್ತರವಲ್ಲ.

ನನ್ನ ಪಾಳಿ ಪಟ್ಟಿ ಬಿದ್ದುಹೋದದ್ದು

ಇಲ್ಲಿಂದ ಮುಂದೆ ಒಂದು ತಪ್ಪು ನನ್ನದು. ಕಂಪ್ಯೂಟರಿನಲ್ಲಿ ಚೆಂದದ ಪಾಳಿ ಪಟ್ಟಿ ಮಾಡಿದೆ. ಅರ್ಧ ಜನ ಎಂಟೂವರೆಯಿಂದ ಐದೂವರೆ, ಅರ್ಧ ಜನ ಹನ್ನೊಂದೂವರೆಯಿಂದ ಎಂಟೂವರೆ. ನಡುವಿನ ಹೊತ್ತಿನಲ್ಲಿ ಎಲ್ಲರೂ ಇರುತ್ತಾರೆ, ಮಧ್ಯಾಹ್ನ ಸರದಿಯಲ್ಲಿ ಒಂದು ಗಂಟೆ ಊಟ. ಭಾನುವಾರ ಎಲ್ಲರೂ ಬರಬೇಕು, ವಾರದ ರಜೆ ಬೇರೆ ದಿನ. ಬಣ್ಣ ಬಣ್ಣದ ಮನೆಗಳು. ನೋಡಲು ಬಹಳ ಚೆನ್ನಾಗಿತ್ತು.

ಎರಡು ವಾರ ನಡೆಯಿತು, ಅಷ್ಟೇ. ತಡದ ಪಾಳಿಗೆ ನಾನು ಹಾಕಿದ್ದ ಇಬ್ಬರು ಹೊಳೆಯಾಚೆಯವರು. ರಾತ್ರಿ ಬಸ್ಸಿಳಿದು ಕತ್ತಲಲ್ಲಿ ಒಳದಾರಿ ನಡೆಯಬೇಕು. ಮೊದಲು ಐದೂ ಜನ ಒಟ್ಟಿಗೆ ಹೋಗುತ್ತಿದ್ದರು, ಹೆದರಿಕೆ ಇರಲಿಲ್ಲ. ನನ್ನ ಪಟ್ಟಿ ಆ ಗುಂಪನ್ನು ಒಡೆದಿತ್ತು. ಇನ್ನಿಬ್ಬರು ಅತ್ತಿಗೆ-ನಾದಿನಿ. ಮಗುವನ್ನು ನೋಡಿಕೊಳ್ಳಲು ಅನುಕೂಲವಾಗಲಿ ಎಂದು ಅವರಿಗೆ ಬೇರೆ ಬೇರೆ ಪಾಳಿ ಬೇಕಿತ್ತು, ನಾನು ಒಂದೇ ಪಾಳಿಗೆ ಹಾಕಿದ್ದೆ. ಯಾರೂ ಜಗಳ ಮಾಡಲಿಲ್ಲ. ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡರು. ಗೋಡೆಯ ಮೇಲೆ ಒಂದು ಪಟ್ಟಿ, ಅಂಗಡಿಯಲ್ಲಿ ಇನ್ನೊಂದು. ಒಂದು ಬುಧವಾರ ಸಂಜೆ ಆರಕ್ಕೆ ಬಿಲ್ಲಿಂಗ್ ಬಲ್ಲವರು ಒಬ್ಬರೂ ಇರಲಿಲ್ಲ. ಶೇಟ್ರು ತಾವೇ ಕೌಂಟರಿಗೆ ಕೂತು, ಗಿರಾಕಿಯ ಎದುರೇ ನನಗೆ ಫೋನ್ ಮಾಡಿ ಬೈದರು.

ಆ ಪಟ್ಟಿಯನ್ನು ನಿಜಕ್ಕೂ ಸರಿಮಾಡಿದ್ದು ಅಲ್ಲಿನ ಒಬ್ಬ ಹೆಣ್ಣುಮಗಳು. "ನೀವು ಹೆಸರು ಬರೀಬೇಡಿ ಸರ್. ಯಾವ ಗಂಟೆಗೆ ಎಷ್ಟು ಜನ ಬೇಕು ಅಂತ ಬರೆದು ಕೊಡಿ. ಹೆಸರು ನಾವು ಹಾಕ್ಕೋತೇವೆ" ಎಂದಳು. ಶೇಟ್ರಿಗೆ ಧೈರ್ಯ ಬರಲಿಲ್ಲ. ಎಲ್ಲರೂ ಬೆಳಗಿನ ಪಾಳಿಯನ್ನೇ ತಗೊಂಡರೆ? ಒಂದು ತಿಂಗಳು ನೋಡೋಣ ಎಂದು ಒಪ್ಪಿಸಿದೆ. ಗಂಟೆವಾರು ಸಂಖ್ಯೆ ನಮ್ಮದು, ಬದಲಾಗುವಂತಿಲ್ಲ. ಬಿಲ್ಲಿಂಗಿಗೆ ಇಂತಿಷ್ಟು, ಗೋದಾಮಿಗೆ ಇಂತಿಷ್ಟು, ಮೇಲಿನ ಮಹಡಿಗೆ ಇಂತಿಷ್ಟು. ಹೆಸರು ಅವರದು. ಗುರುವಾರದೊಳಗೆ ಮುಂದಿನ ವಾರದ ಹಾಳೆ ತುಂಬಬೇಕು. ತುಂಬದಿದ್ದರೆ ಶೇಟ್ರು ತುಂಬುತ್ತಾರೆ. ಶೇಟ್ರು ತುಂಬುವ ಪ್ರಸಂಗ ಎರಡೇ ಸಲ ಬಂತು. ಹೊಳೆಯಾಚೆಯವರು ಬೆಳಗಿನ ಪಾಳಿ ತಗೊಂಡರು. ಪೇಟೆಯ ಹತ್ತಿರದವರು ಸಂಜೆಯದನ್ನು ತಗೊಂಡರು, ಯಾಕೆಂದರೆ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ ಅಡುಗೆ ಮುಗಿಸಿ ಬರಬಹುದು. ನನಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕೇಳಿರಲಿಲ್ಲವಲ್ಲ.

ಮಳೆಗಾಲದ ಪಾಠ

ಕಲಿಸಲು ಹೊತ್ತು ಯಾವುದು ಎಂಬುದಕ್ಕೆ ಬಿಲ್ಲಿನ ಹಾಳೆಯೇ ಉತ್ತರ ಕೊಟ್ಟಿತ್ತು. ಜೂನ್, ಜುಲೈ, ಮಧ್ಯಾಹ್ನ ಮೂರರಿಂದ ಮೂರೂವರೆ. ಹೊರಗೆ ಧೋ ಎಂದು ಮಳೆ, ಒಳಗೆ ಗಿರಾಕಿ ಇಲ್ಲ. ದಿನಕ್ಕೆ ಅರ್ಧ ಗಂಟೆ, ಒಂದೇ ಕೆಲಸ, ಇಬ್ಬಿಬ್ಬರ ಜೋಡಿ. ಬಲ್ಲವರು ಒಬ್ಬರು, ಕಲಿಯುವವರು ಒಬ್ಬರು.

ಗೋದಾಮಿನ ಬಾಗಿಲ ಪಕ್ಕ ಒಂದು ದೊಡ್ಡ ಚಾರ್ಟ್ ಅಂಟಿಸಿದೆವು. ಎಡಗಡೆ 16 ಹೆಸರು. ಮೇಲ್ಗಡೆ ಕೆಲಸಗಳು: ಬಿಲ್ಲಿಂಗ್, ತೂಕ ಮತ್ತು ಪ್ಯಾಕಿಂಗ್, ಮಾಲು ಇಳಿಸಿಕೊಂಡು ಇನ್ವಾಯ್ಸ್ ಜೊತೆ ತಾಳೆ ನೋಡುವುದು, ಎಕ್ಸ್‌ಪೈರಿ ನೋಡಿ ಹಳೆಯದನ್ನು ಮುಂದಕ್ಕೆ ಇಡುವುದು, ವಾಪಸ್ ಬಂದ ಮಾಲು, ಬಟ್ಟೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡಬಲ್ಲೆ ಎಂದರೆ ಒಂದು ಗೆರೆ. ಒಬ್ಬಳೇ ಮಾಡಬಲ್ಲೆ ಎಂದರೆ ಎರಡು. ಇನ್ನೊಬ್ಬರಿಗೆ ಕಲಿಸಬಲ್ಲೆ ಎಂದರೆ ಮೂರು. ಮೊದಲ ದಿನ ಆ ಚಾರ್ಟ್ ನೋಡಿ ಎಲ್ಲರಿಗೂ ಒಂಥರಾ ಆಯಿತು. ಅಷ್ಟು ದೊಡ್ಡ ಹಾಳೆಯಲ್ಲಿ ಅಷ್ಟು ಕಡಿಮೆ ಗೆರೆ. ಮೂರು ಗೆರೆಗಳಲ್ಲಿ ಮುಕ್ಕಾಲು ಮಾಮನ ಸಾಲಿನಲ್ಲೇ ಇದ್ದವು.

ಪರೀಕ್ಷೆ ಬಾಯಿಮಾತಿನದಲ್ಲ. ಅತ್ತಿಗೆ-ನಾದಿನಿಯರಲ್ಲಿ ಒಬ್ಬಳು ಗಿರಾಕಿಯ ವೇಷ ಹಾಕುತ್ತಿದ್ದಳು, ಅದರಲ್ಲಿ ಅವಳು ಪಳಗಿದವಳು. ಇಪ್ಪತ್ತು ಸಾಮಾನು, ಅದರಲ್ಲಿ ಐದು ತೂಕದ್ದು. ಬಿಲ್ಲು ಆದ ಮೇಲೆ "ಈ ಸೋಪು ಬೇಡ" ಎನ್ನಬೇಕು. ಅರ್ಧ ನಗದು, ಅರ್ಧ ಯುಪಿಐ. ನಡುವೆ "ಬೇಗ ಮಾಡಿ, ಬಸ್ಸು ಹೋಗುತ್ತೆ" ಎಂದು ಗಡಿಬಿಡಿ ಮಾಡಬೇಕು. ನಾಲ್ಕು ನಿಮಿಷದಲ್ಲಿ ತಪ್ಪಿಲ್ಲದೆ ಮುಗಿಸಿದರೆ ಎರಡನೇ ಗೆರೆ.

ಕಲಿಸುವಾಗ ಗೊತ್ತಾದದ್ದು, ಬಿಲ್ಲಿಂಗ್ ನಿಧಾನವಾಗುವುದು ಬಾರ್‌ಕೋಡ್ ಇರುವ ಮಾಲಿನಿಂದ ಅಲ್ಲ. ಬಿಡಿ ಮಾಲಿನಿಂದ. ಒಂದೇ ಅಕ್ಕಿಗೆ ಕನ್ನಡದವರು ಕುಚಲಕ್ಕಿ ಎನ್ನುತ್ತಾರೆ, ಕೊಂಕಣಿಯವರು ಉಕಡೆ ಎನ್ನುತ್ತಾರೆ. ಮುರುಗಲು ಕೇಳುವವರು, ಸೋಲ ಕೇಳುವವರು, ಕೋಕಮ್ ಕೇಳುವವರು, ಎಲ್ಲ ಒಂದೇ. ಕಂಪ್ಯೂಟರಿನಲ್ಲಿ ಮಾತ್ರ ಇನ್ನೊಂದು ಹೆಸರು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಹುಡುಕುವುದರಲ್ಲೇ ಒಂದು ನಿಮಿಷ ಹೋಗುತ್ತಿತ್ತು. ನಲವತ್ತು ಬಿಡಿ ಸಾಮಾನುಗಳಿಗೆ ಎರಡಂಕಿಯ ಕೋಡ್ ಕೊಟ್ಟು, ಮೂರೂ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಪ್ರತಿ ಕೌಂಟರಿಗೆ ಒಂದು ಹಾಳೆ ಅಂಟಿಸಿದೆವು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದು. ಫಲ ಮಾತ್ರ ಇದರದ್ದೇ ದೊಡ್ಡದು ಎಂದು ನನ್ನ ಲೆಕ್ಕ.

ಆ ಹಾಳೆ ಹುಟ್ಟಿದ್ದು ಮಾಮನಿಂದ. ಅದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಮಾಮ ಕಲಿಸಲು ಒಪ್ಪಿರಲಿಲ್ಲ. ಜೋಡಿ ಹಾಕಿದರೆ "ನೀನು ನೋಡ್ತಾ ಇರು" ಎಂದು ತಾವೇ ಮಾಡಿಬಿಡುತ್ತಿದ್ದರು. ಎಲ್ಲರಿಗೂ ಗೊತ್ತಾದರೆ ತಮ್ಮ ಬೆಲೆ ಇಳಿಯುತ್ತದೆ ಎಂಬ ಭಯ ಎಂದು ನಾವೆಲ್ಲ ಅಂದುಕೊಂಡೆವು. ಶೇಟ್ರು ಸಂಬಳ ಏರಿಸುವ ಮಾತಾಡಿದರು. ಮಾಮ ಅದಕ್ಕೂ ಹೂಂ ಅನ್ನಲಿಲ್ಲ. ಒಂದು ದಿನ ಬಿಲ್ಲಿಂಗ್ ಹುಡುಗಿ ಊಟಕ್ಕೆ ಹೋದಾಗ ಒಬ್ಬ ಗಿರಾಕಿ ಬಂದ. ಮಾಮ ಕೌಂಟರಿನ ಎದುರು ನಿಂತು ಪರದೆಯನ್ನೇ ನೋಡುತ್ತಿದ್ದರು, ಕೈ ಮುಂದೆ ಹೋಗಲಿಲ್ಲ. ಆಗ ಆ ಹುಡುಗಿಗೆ ಹೊಳೆಯಿತು. ಮಾಮನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಇಪ್ಪತ್ತೈದು ವರ್ಷ ಅದನ್ನು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ಪಾಠಕ್ಕೆ ಕೂತರೆ ಬಯಲಾಗುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ, ಮಾಮ ತಾವೇ ನಗುತ್ತಾ ಹೇಳಿದಾಗ. "ಮಾಮ, ನನಗೆ ಈ ಬಿಡಿ ಸಾಮಾನಿನ ಹೆಸರೇ ನೆನಪಿರೋದಿಲ್ಲ, ನೀವು ಹೇಳಿ, ನಾನು ಕನ್ನಡದಲ್ಲಿ ಬರ್ಕೋತೇನೆ" ಎಂದು ಅವಳು ಪುಸ್ತಕ ಹಿಡಿದು ಕೂತಳು. ಆ ಪುಸ್ತಕವೇ ಮುಂದೆ ನಲವತ್ತು ಕೋಡಿನ ಹಾಳೆಯಾಯಿತು. ಅಂಕಿಯೆಲ್ಲ ಮಾಮನಿಗೆ ಬಾಯಿಪಾಠ. ಜುಲೈ ಕೊನೆಗೆ ಅವರು ತೂಕದ ಮಾಲಿನ ಬಿಲ್ಲನ್ನು ತಾವೇ ಮಾಡುತ್ತಿದ್ದರು. ಬೆಲ್ಲ, ಬೇಳೆ ನೋಡಿ ಆರಿಸುವುದನ್ನು ಮೂವರಿಗೆ ಕಲಿಸಿಯೂ ಆಗಿತ್ತು. ನಾವು ಸಂಬಳ, ಗೌರವ ಎಂದೆಲ್ಲ ಚರ್ಚೆ ಮಾಡಿದ್ದು ಬರೀ ಗಾಳಿಗುದ್ದಾಟ.

ಸ್ಟೂಲಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಲ್ಲಿಂಗಿಗೆ ಕೂರಲು ಹೆಂಗಸರು ಹಿಂಜರಿಯುತ್ತಿದ್ದದ್ದಕ್ಕೆ ಒಂದು ಕಾರಣ ಅಲ್ಲಿ ಕೂರಲು ಏನೂ ಇರಲಿಲ್ಲ ಎಂಬುದು! ನಿಂತೇ ಇರಬೇಕು. ಅಂಗಡಿ ಕೆಲಸದವರಿಗೆ ಕೂರುವ ಸೌಕರ್ಯ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ಮಾಡಿವೆ ಎಂದು ಹೇಳಿದೆ. ಶೇಟ್ರು ಮೂರು ಎತ್ತರದ ಸ್ಟೂಲ್ ತರಿಸಿದರು. ಜಿಪುಣರಲ್ಲ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಸೇತುವೆ ಬಿದ್ದ ದಿನ

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಮುಚ್ಚಿತು. ಮಂಗಳೂರು ಕಡೆಯಿಂದ ಬರಬೇಕಾದ ಮಾಲು ನಿಂತಿತು. ಜಿಲ್ಲೆಗೆ ಜಿಲ್ಲೆಯೇ ದುಃಖದಲ್ಲಿತ್ತು. ಪಾಠ ಒಂದು ವಾರ ನಿಂತಿತು, ಯಾರಿಗೂ ಮನಸ್ಸಿರಲಿಲ್ಲ.

ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿದುಬಿತ್ತು. ಪಕ್ಕದ ಹೊಸ ಸೇತುವೆ ಗಟ್ಟಿಯಿದೆಯಾ ಎಂದು ನೋಡುವ ತನಕ ಅದರ ಮೇಲೂ ಓಡಾಟ ತಡೆದರು. ಬೆಳಿಗ್ಗೆ ನಮ್ಮ ಐದು ಜನ ಹೊಳೆಯಾಚೆ, ಅಂಗಡಿ ಈಚೆ. ಐದರಲ್ಲಿ ಮಾಮ ಒಬ್ಬರು, ಹಳೆಯ ಇಬ್ಬರು ಬಿಲ್ಲಿಂಗ್‌ನವರಲ್ಲಿ ಒಬ್ಬಳು. ಅಂಗಡಿಯ ಬೀಗದ ಕೈ ಒಂದು ಜೊತೆ ಮಾಮನ ಹತ್ತಿರವೇ ಇತ್ತು. ಒಂದು ವರ್ಷದ ಹಿಂದೆ ಹೀಗಾಗಿದ್ದರೆ ಶೇಟ್ರು ಅಂಗಡಿ ತೆರೆಯುತ್ತಿರಲಿಲ್ಲ.

ಆ ದಿನ ಏನೂ ವಿಶೇಷ ಆಗಲಿಲ್ಲ. ಅದೇ ವಿಶೇಷ. ಆಗ ಬಿಲ್ಲಿಂಗಿನಲ್ಲಿ ಎರಡು ಗೆರೆ ಇದ್ದವರು ಆರು ಜನ. ಐದು ಜನ ಈಚೆ ದಡದಲ್ಲೇ ಇದ್ದರು. ಬಂದವರು ಚಾರ್ಟ್ ಮುಂದೆ ನಿಂತು ತಾವೇ ಕೆಲಸ ಹಂಚಿಕೊಂಡರು. ಅಷ್ಟರವರೆಗೆ ಶೇಟ್ರ ಪಾಲಿಗೆ ಆ ಚಾರ್ಟ್ ನನ್ನ ಒಂದು ಹುಚ್ಚು. ಅಂದಿನಿಂದ ಅದು ಅಂಗಡಿಯ ಸಾಮಾನಾಯಿತು. ಆ ಸಂಜೆ ಫೋನ್ ಮಾಡಿ, ಬೈಯುವ ಬದಲು, "ಚೌತಿ ರಜೆ ವಿಷಯ ಮಾತಾಡೋಣ, ಬನ್ನಿ" ಎಂದರು. ಹಬ್ಬಕ್ಕೆ ಸರಿಯಾಗಿ ಒಂದು ತಿಂಗಳಿತ್ತು. ಚೌತಿ ಆ ವರ್ಷ ಸೆಪ್ಟೆಂಬರ್ 7, ಶನಿವಾರ.

ರಜೆ ಕೇಳಿದ ರೀತಿ

"ಯಾರಿಗೆ ರಜೆ ಬೇಕು" ಎಂದು ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. "ಯಾವ ದಿನ, ಎಷ್ಟು ಹೊತ್ತಿನಿಂದ ಮನೆಯಲ್ಲಿ ಇರಲೇಬೇಕು" ಎಂದು ಒಬ್ಬೊಬ್ಬರನ್ನೇ ಕೇಳಿದೆವು. ಉತ್ತರ ಬೇರೆಯೇ ಬಂತು. ಹೆಚ್ಚಿನವರಿಗೆ ಬೇಕಾದದ್ದು ಮೂರು ದಿನವಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನದಿಂದ. ತಿಂಡಿ ಕರಿಯುವುದು, ಫಲಾವಳಿ ಕಟ್ಟುವುದು, ಗಣಪತಿ ತರುವ ತಯಾರಿ ಎಲ್ಲ ಆಗ. ಇಬ್ಬರಿಗೆ ಮಾತ್ರ ಗುರುವಾರವೂ ಬೇಕಿತ್ತು, ತವರುಮನೆ ದೂರ. ಕ್ರೈಸ್ತರು ಇಬ್ಬರು ರಜೆಯೇ ಬೇಡ ಎಂದರು. "ಕ್ರಿಸ್‌ಮಸ್ಸಿಗೆ ನೆನಪಿಟ್ಕೊಳ್ಳಿ" ಎಂದರು, ಅದನ್ನು ಹಾಳೆಯಲ್ಲೇ ಬರೆಸಿದರು.

ನಾನು ಹಿಂದಿನ ಎರಡು ವರ್ಷಗಳ ಹಬ್ಬದ ವಾರದ ಬಿಲ್ಲು ಎಣಿಸಿದೆ. ಹಿಂದಿನ ದಿನದ ನೂಕುನುಗ್ಗಲು ಮಧ್ಯಾಹ್ನ ಎರಡು ಎರಡೂವರೆಗೆ ಇಳಿಯುತ್ತದೆ. ಆಮೇಲೆ ಬರುವವರು ಮರೆತ ಕರ್ಪೂರ, ಬೆಂಕಿಪೆಟ್ಟಿಗೆಗೆ ಬರುವವರು. ಶುಕ್ರವಾರ ಮೂರಕ್ಕೆ ಬಾಗಿಲು ಹಾಕಿಬಿಡೋಣ ಎಂದೆ. ಶೇಟ್ರು ಎದ್ದು ನಿಂತರು. ಚೌತಿ ಮುನ್ನಾದಿನ ಮೂರಕ್ಕೆ ಬಾಗಿಲು! ಅವರ ಅಪ್ಪನ ಕಾಲದಿಂದ ರಾತ್ರಿ ಹತ್ತರ ತನಕ ತೆರೆದ ಅಂಗಡಿ. ಎರಡು ದಿನ ಯೋಚಿಸಿ ಒಪ್ಪಿದರು, ಷರತ್ತು ಹಾಕಿ. ಸೋಮವಾರದಿಂದ ಗುರುವಾರದ ತನಕ ಬೆಳಿಗ್ಗೆ ಎಂಟಕ್ಕೇ ತೆರೆಯಬೇಕು. ಹೆಚ್ಚು ಗಂಟೆಗೆ ದುಪ್ಪಟ್ಟು ಕೂಲಿ ಕೊಡುತ್ತೇನೆ. ಹೇಳದೆ ತಪ್ಪಿಸಿಕೊಂಡರೆ ಮಾತ್ರ ಮುಂದಿನ ವರ್ಷ ಈ ಮಾತಿಲ್ಲ. ಶುಕ್ರವಾರ ಮೂರಕ್ಕೆ ಬಾಗಿಲು ಎಂದು ಹತ್ತು ದಿನ ಮೊದಲೇ ಬೋರ್ಡು ಹಾಕಿದೆವು, ಬಿಲ್ಲಿನ ಕೆಳಗೂ ಅಚ್ಚು ಮಾಡಿಸಿದೆವು.

ಎಲ್ಲರೂ ಬಂದರು. ಬಿಸ್ಕೆಟ್ ಬಾಕ್ಸ್ ತೆಗೆದ ಮೂರನೇ ಕೌಂಟರ್ ಆ ವಾರವಿಡೀ ನಡೆಯಿತು. ದಿನಗೂಲಿಯವರು ಇಬ್ಬರೇ, ಅವರಿಗೆ ಒಂದೇ ಕೆಲಸ: ಗೋದಾಮಿನಿಂದ ಮೂಟೆ ತಂದು ಪ್ಯಾಕಿಂಗ್ ಮೇಜಿಗೆ ಇಡುವುದು. ಶುಕ್ರವಾರದ ವ್ಯಾಪಾರ ಹಿಂದಿನ ವರ್ಷದ ಅದೇ ದಿನಕ್ಕಿಂತ ಕಡಿಮೆಯಾಯಿತು. ವಾರದ ಒಟ್ಟು ಮೊತ್ತ ಜಾಸ್ತಿಯೇ ಆಯಿತು. ಇದರಲ್ಲಿ ನಮ್ಮ ಪಾಳಿಯ ಪಾಲೆಷ್ಟು, ಬೆಲೆ ಏರಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು. ದೀಪಾವಳಿಯೊಳಗೆ ಯಾರೂ ಕೆಲಸ ಬಿಡಲಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಕೆಟ್ಟದ್ದೂ ಇತ್ತು

ಮೂರನೇ ಕೌಂಟರಿನ ಗಲ್ಲಾಪೆಟ್ಟಿಗೆಯಲ್ಲಿ ಆ ವಾರ 1,840 ರೂಪಾಯಿ ಕಡಿಮೆ ಬಂತು. ಹೊಸದಾಗಿ ಕಲಿತ ಇಬ್ಬರು ಅಲ್ಲಿ ಸರದಿಯಲ್ಲಿ ಕೂತಿದ್ದರು. ಶೇಟ್ರು ಹಳೆ ಪದ್ಧತಿಯಂತೆ ಇಬ್ಬರ ಸಂಬಳದಲ್ಲಿ ಅರ್ಧರ್ಧ ಹಿಡಿಯಲು ಹೊರಟರು. ನಾನು ಬಲವಾಗಿ ಬೇಡ ಎಂದೆ. ಹಿಡಿದರೆ ನಾಳೆಯಿಂದ ಆ ಸ್ಟೂಲಿನ ಮೇಲೆ ಯಾರೂ ಕೂರುವುದಿಲ್ಲ, ಬಾಕ್ಸ್ ಮತ್ತೆ ಅಲ್ಲಿಗೇ ಬರುತ್ತದೆ. ತಪ್ಪು ನಮ್ಮದೇ. ಒಂದು ಪೆಟ್ಟಿಗೆ, ಎರಡು ಕೈ, ನಡುವೆ ಎಣಿಕೆ ಇಲ್ಲ. ಚಿಲ್ಲರೆ ಕೊಡುವಾಗ ಹೋಯಿತೋ, ಬೇರೆ ಏನಾಯಿತೋ ಕೊನೆಗೂ ಗೊತ್ತಾಗಲಿಲ್ಲ. ಅಂದಿನಿಂದ ಕೈ ಬದಲಾಗುವಾಗ ಇಬ್ಬರೂ ನಿಂತು ದುಡ್ಡು ಎಣಿಸಿ ಸಹಿ ಹಾಕುತ್ತಾರೆ. ಐದು ನಿಮಿಷದ ಕೆಲಸ. ಅದನ್ನು ಜೂನ್‌ನಲ್ಲೇ ಕಲಿಸಬೇಕಿತ್ತು. ನನಗೆ, ಲೆಕ್ಕ ನೋಡುವವನಿಗೆ, ಅದು ಹೊಳೆಯದೇ ಹೋದದ್ದು ನಾಚಿಕೆಯ ಸಂಗತಿ.

ಜನವರಿಯಲ್ಲಿ ಇನ್ನೊಂದು ಪೆಟ್ಟು. ಮಾಮನ ಪುಸ್ತಕ ಬರೆದ ಆ ಹುಡುಗಿ ಗೋವಾದಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕಿ ಹೋದಳು. "ಕಲಿಸಿದ್ದು ನಾವು, ಉಣ್ಣೋದು ಅವರು" ಎಂದು ಶೇಟ್ರು ಗೊಣಗಿದರು. ಹೌದು, ಕಲಿತವರು ಹೋಗುತ್ತಾರೆ. ಗೋವಾ ಗಡಿ ಇಷ್ಟು ಹತ್ತಿರ ಇರುವ ಊರಿನಲ್ಲಿ ಜಾಸ್ತಿಯೇ ಹೋಗುತ್ತಾರೆ. ಆದರೆ ಅವಳು ಹೋದ ಮರುದಿನ ಅಂಗಡಿಯಲ್ಲಿ ಏನಾಯಿತು ಎಂದು ನೋಡಿದೆ. 2023ರಲ್ಲಿ ಬಿಲ್ಲಿಂಗಿನ ಒಬ್ಬಳು ಬಾರದಿದ್ದಾಗ ಸಾಲು ರಸ್ತೆಗೆ ಹೋಗಿತ್ತು. ಈ ಸಲ ಚಾರ್ಟಿನಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದರು, ಅಷ್ಟೇ. ಅವಳ ಸಂಬಳವನ್ನು ಮೊದಲೇ ಸ್ವಲ್ಪ ಏರಿಸಿದ್ದರೆ ಉಳಿಯುತ್ತಿದ್ದಳೇನೋ. ಮೂರು ಗೆರೆ ಬಂದವರಿಗೆ ಸಂಬಳ ಏರಿಸಬೇಕೆಂದು ನಾನು ಹೇಳಿದ್ದೆ. ಶೇಟ್ರು ಅದಕ್ಕೆ ಒಪ್ಪಿದ್ದು ಅವಳು ಹೋದ ಮೇಲೆ.

2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂತು. ತಿಂಗಳ ಕೊನೆ, ಸಂಬಳದವರ ಕೈ ಖಾಲಿ. ಹೀಗಾಗಿ ಜನ ಒಟ್ಟಿಗೆ ದೊಡ್ಡ ಬಿಲ್ಲು ಮಾಡದೆ ಮೂರು ನಾಲ್ಕು ಸಲ ಚಿಕ್ಕ ಚಿಕ್ಕ ಬಿಲ್ಲು ಮಾಡಿದರು. ಕೌಂಟರಿಗೆ ಕೆಲಸ ಹೆಚ್ಚು, ಗೋದಾಮಿಗೆ ಕಡಿಮೆ. ಅದಕ್ಕೆ ತಕ್ಕ ಹಾಗೆ ಗಂಟೆವಾರು ಸಂಖ್ಯೆಯನ್ನು ಅವರೇ ಬದಲಿಸಿಕೊಂಡಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಬಿಲ್ಲು ನೋಡುವಾಗ ತಿಳಿಯಿತು.

ಮೇಲಿನ ಮಹಡಿ ಮಾತ್ರ ಹಾಗೇ ಇದೆ. ಬಟ್ಟೆಯ ಅಳತೆ, ಬಣ್ಣ, ಯಾವ ಸೀರೆ ಯಾವ ಮನೆಯವರು ಒಪ್ಪುತ್ತಾರೆ ಎಂಬುದೆಲ್ಲ ಅಲ್ಲಿನ ಅಕ್ಕ ಒಬ್ಬರಿಗೇ ಗೊತ್ತು. ಕೆಳಗಿನವರು ಮೇಲೆ ಹೋಗಿ ಕಲಿಯಲು ಎರಡು ಸಲ ಕೂತರು, ಆಗಲಿಲ್ಲ. ಮೈದಾ ಕಲಿಸಿದ ಹಾಗೆ ಸೀರೆ ಕಲಿಸಲು ಬರುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು, ನಮಗೆ ಇನ್ನೂ ಸಿಕ್ಕಿಲ್ಲ. ಮೊನ್ನೆ ದೀಪಾವಳಿ ಕಳೆದ ಮೇಲೆ ಅಕ್ಕ ಮೊಮ್ಮಗಳ ಬಾರಸೆಗೆಂದು, ಅಂದರೆ ನಾಮಕರಣಕ್ಕೆಂದು, ನಾಲ್ಕು ದಿನ ರಜೆ ಕೇಳಿದರು. ಶೇಟ್ರು ನನಗೆ ಫೋನ್ ಮಾಡಿದರು. ಚಾರ್ಟ್ ನೋಡಿ ಎಂದೆ.

"ನೋಡಿದೆ. ಆ ಸಾಲಲ್ಲಿ ಒಂದೇ ಹೆಸರಿಗೆ ಗೆರೆ ಇದೆ" ಎಂದರು.

ರಜೆ ಕೊಟ್ಟರು. ಆ ನಾಲ್ಕು ದಿನ ಮೇಲಿನ ಮಹಡಿಯ ದೀಪ ಹಚ್ಚಲಿಲ್ಲ.